ಶರದೃತುವಿನ ಆರೋಗ್ಯ: ಮನೆಯ ಪಥ್ಯ, ಊರಿನ ಪಥ್ಯ

ಆಶ್ವಯುಜ ಮತ್ತು ಕಾರ್ತಿಕ ಮಾಸಗಳ ಕಾಲವನ್ನು ಶರದೃತುವೆಂದು ಕರೆಯುತ್ತೇವೆ. ಮುಂಗಾರಿನ ಮೋಡಗಳು ಸರಿದು ಆಕಾಶವು ತಿಳಿಯಾಗುತ್ತದೆ. ಬಿಸಿಲು ಒಮ್ಮೆಲೇ ತೀಕ್ಷ್ಣವಾಗುತ್ತದೆ. ಮಳೆಗಾಲದ ತಂಪಿಗೆ ಒಗ್ಗಿದ ದೇಹದಲ್ಲಿ ಸಂಚಯಗೊಂಡಿದ್ದ ಪಿತ್ತವು ಈ ಬಿಸಿಲಿನಿಂದ ಪ್ರಕೋಪಗೊಳ್ಳುತ್ತದೆಂದು ಚರಕಸಂಹಿತೆಯ ಸೂತ್ರಸ್ಥಾನದ ಆರನೆಯ ಅಧ್ಯಾಯವು ವಿವರಿಸುತ್ತದೆ. ಆದ್ದರಿಂದಲೇ ಈ ಋತುವಿನಲ್ಲಿ ಸಿಹಿ ಮತ್ತು ಕಹಿ ರಸಗಳು, ಹಳೆಯ ಅಕ್ಕಿ, ಗೋಧಿ, ಹೆಸರುಬೇಳೆ, ಪಡವಲಕಾಯಿ, ನೆಲ್ಲಿಕಾಯಿ ಹಾಗೂ ಮಿತವಾದ ತುಪ್ಪ ಹಿತಕರ. ಮೊಸರು, ಅತಿಯಾದ ಖಾರ, ಕರಿದ ಪದಾರ್ಥ, ಹಗಲುನಿದ್ರೆ ಮತ್ತು ಬಿಸಿಲಿನ ಅಲೆದಾಟ ವರ್ಜ್ಯ. ಈ ಪಥ್ಯವನ್ನು ಓದುಗರಲ್ಲಿ ಅನೇಕರು ಬಲ್ಲರು, ಪಾಲಿಸುತ್ತಲೂ ಇದ್ದಾರೆ.

ಆದರೆ ನವರಾತ್ರಿಯಿಂದ ದೀಪಾವಳಿಯವರೆಗೆ ನಮ್ಮ ಚಿಕಿತ್ಸಾಲಯಕ್ಕೆ ಬರುವ ಜ್ವರಪೀಡಿತರನ್ನು ಗಮನಿಸಿದರೆ ಬೇರೊಂದು ಸಂಗತಿ ಎದ್ದು ಕಾಣುತ್ತದೆ. ಡೆಂಗ್ಯೂ, ವಿಷಮಶೀತಜ್ವರ, ಕಾಮಾಲೆ, ವಾಂತಿಭೇದಿ ಇವುಗಳಿಂದ ಬಳಲುವವರಲ್ಲಿ ಪಥ್ಯವಂತರೂ ಇರುತ್ತಾರೆ, ಅಪಥ್ಯಶೀಲರೂ ಇರುತ್ತಾರೆ. ಒಂದೇ ಓಣಿಯ ಐದಾರು ಮನೆಗಳಿಂದ ಒಂದೇ ವಾರದಲ್ಲಿ ರೋಗಿಗಳು ಬಂದರೆ ಅದಕ್ಕೆ ಅವರ ಅಡುಗೆಮನೆಯಲ್ಲಿ ಕಾರಣ ಹುಡುಕಿ ಫಲವಿಲ್ಲ. ಕಾರಣವು ಅವರೆಲ್ಲರೂ ಹಂಚಿಕೊಂಡಿರುವ ನಲ್ಲಿ, ಚರಂಡಿ ಅಥವಾ ಖಾಲಿ ನಿವೇಶನದಲ್ಲಿರುತ್ತದೆ. ಆದುದರಿಂದ ಈ ತಿಂಗಳು ಮನೆಯ ಪಥ್ಯವನ್ನು ಬಿಟ್ಟು ಊರಿನ ಪಥ್ಯವನ್ನು, ಅಂದರೆ ನಮ್ಮ ಪುರಸಭೆ ಹಾಗೂ ನಗರಸಭೆಗಳು ಈ ಋತುವಿನಲ್ಲಿ ಒದಗಿಸಬೇಕಾದ ಸೇವೆಗಳನ್ನು ವಿವರಿಸಲು ಇಚ್ಛಿಸುತ್ತೇವೆ.

ಶಾಸ್ತ್ರವೇನು ಹೇಳುತ್ತದೆ

ಊರಿನ ಆಡಳಿತಕ್ಕೂ ವೈದ್ಯಕ್ಕೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ಚರಕಸಂಹಿತೆಯ ವಿಮಾನಸ್ಥಾನದ ಮೂರನೆಯ ಅಧ್ಯಾಯಕ್ಕೆ ‘ಜನಪದೋದ್ಧ್ವಂಸನೀಯ’ವೆಂಬ ಹೆಸರಿದೆ. ಗಂಗಾತೀರದ ಕಾಂಪಿಲ್ಯದಲ್ಲಿ ಪುನರ್ವಸು ಆತ್ರೇಯರು ಅಗ್ನಿವೇಶನಿಗೆ ಬೋಧಿಸಿದ ವಿಷಯವಿದು. ಪ್ರಕೃತಿ, ಆಹಾರ, ಬಲ, ವಯಸ್ಸು ಇವೆಲ್ಲ ಬೇರೆ ಬೇರೆಯಾಗಿರುವ ಜನರು ಏಕಕಾಲಕ್ಕೆ ಒಂದೇ ರೋಗದಿಂದ ನಾಶವಾಗುವುದು ಹೇಗೆಂಬುದು ಶಿಷ್ಯನ ಪ್ರಶ್ನೆ. ಎಲ್ಲರಿಗೂ ಸಾಮಾನ್ಯವಾಗಿರುವ ನಾಲ್ಕು ಭಾವಗಳು, ಅಂದರೆ ವಾಯು, ಜಲ, ದೇಶ ಮತ್ತು ಕಾಲ ಕೆಟ್ಟಾಗ ಹೀಗಾಗುತ್ತದೆ ಎಂಬುದು ಗುರುವಿನ ಉತ್ತರ. ಇವು ಕೆಡುವುದಕ್ಕೆ ಮೂಲ ಅಧರ್ಮವೆಂದು ಹೇಳುವಾಗ ಆತ್ರೇಯರು ದೇಶ, ನಗರ, ಜನಪದಗಳ ಪ್ರಧಾನರು ಧರ್ಮವನ್ನು ಮೀರಿ ನಡೆಯುವುದನ್ನೂ, ಅವರನ್ನು ಆಶ್ರಯಿಸಿದವರು ಹಾಗೂ ಪುರವಾಸಿಗಳು ಆ ಅಧರ್ಮವನ್ನು ಬೆಳೆಸುವುದನ್ನೂ ಕಾರಣವಾಗಿ ಎಣಿಸುತ್ತಾರೆ. ಹೊಣೆ ಆಡಳಿತದ್ದೂ ಹೌದು, ನಿವಾಸಿಗಳದ್ದೂ ಹೌದು ಎಂಬುದೇ ಇದರ ತಾತ್ಪರ್ಯ.

ಇಂದಿನ ಕಾನೂನು ಕೂಡ ಇದೇ ಹೊಣೆಯನ್ನು ಬೇರೆ ಮಾತಿನಲ್ಲಿ ಹೇಳುತ್ತದೆ. ೧೯೯೩ರ ಜೂನ್ ೧ರಂದು ಜಾರಿಗೆ ಬಂದ ಸಂವಿಧಾನದ ೭೪ನೆಯ ತಿದ್ದುಪಡಿಯು ಹನ್ನೆರಡನೆಯ ಅನುಸೂಚಿಯಲ್ಲಿ ನಗರ ಸ್ಥಳೀಯ ಸಂಸ್ಥೆಗಳ ೧೮ ವಿಷಯಗಳನ್ನು ಪಟ್ಟಿಮಾಡಿದೆ. ನೀರು ಸರಬರಾಜು, ಸಾರ್ವಜನಿಕ ಆರೋಗ್ಯ, ನೈರ್ಮಲ್ಯ ಮತ್ತು ಘನತ್ಯಾಜ್ಯ ನಿರ್ವಹಣೆ ಅವುಗಳಲ್ಲಿ ಸೇರಿವೆ. ನಮ್ಮ ರಾಜ್ಯದಲ್ಲಿ ಪುರಸಭೆ ಮತ್ತು ನಗರಸಭೆಗಳು ೧೯೬೪ರ ಕರ್ನಾಟಕ ಪುರಸಭೆಗಳ ಅಧಿನಿಯಮದಂತೆ ನಡೆಯುತ್ತವೆ. ಚರಂಡಿ ಶುದ್ಧಿ, ಕಸ ವಿಲೇವಾರಿ, ಬೀದಿ ಗುಡಿಸುವಿಕೆ ಇವು ಆ ಸಂಸ್ಥೆಗಳ ಕಡ್ಡಾಯ ಕರ್ತವ್ಯಗಳು. ಆದ್ದರಿಂದ ಅವುಗಳನ್ನು ಕೇಳುವಾಗ ನಾಗರಿಕರು ಸಂಕೋಚಪಡಬೇಕಾಗಿಲ್ಲ.

ಕುಡಿಯುವ ನೀರು

ಶರದೃತುವಿನ ನೀರನ್ನು ಶಾಸ್ತ್ರವು ‘ಹಂಸೋದಕ’ವೆಂದು ಹೊಗಳಿದೆ. ಹಗಲು ಸೂರ್ಯನಿಂದ ಕಾದು, ಇರುಳು ಚಂದ್ರನಿಂದ ತಣಿದು, ಅಗಸ್ತ್ಯ ನಕ್ಷತ್ರದ ಉದಯದಿಂದ ನಿರ್ವಿಷವಾದ ನೀರು ಸ್ನಾನಕ್ಕೂ ಪಾನಕ್ಕೂ ಅಮೃತಸಮಾನವೆಂಬುದು ಅದರ ವರ್ಣನೆ. ಆದರೆ ಆ ಮಾತು ತೆರೆದ ಆಕಾಶದ ಕೆಳಗಿದ್ದ ನಿರ್ಮಲ ಜಲಾಶಯಗಳಿಗೆ ಸಲ್ಲುತ್ತದೆ. ಚರಂಡಿಯ ಪಕ್ಕದಲ್ಲೇ ಹಾದುಬರುವ ಕೊಳವೆಯ ನೀರಿಗೆ ಅದನ್ನು ಅನ್ವಯಿಸಿ ಕುದಿಸದೆ ಕುಡಿಯುವುದು ಅವಿವೇಕ.

ನಮ್ಮ ಊರುಗಳಲ್ಲಿ ನೀರು ದಿನವಿಡೀ ಬರುವುದು ಅಪರೂಪ. ಹಲವೆಡೆ ಎರಡು ಮೂರು ದಿನಗಳಿಗೊಮ್ಮೆ ಬಿಡುತ್ತಾರೆ. ನೀರು ನಿಂತಾಗ ಕೊಳವೆಯೊಳಗಿನ ಒತ್ತಡ ಕುಸಿಯುತ್ತದೆ. ಆಗ ಒಡಕಿದ್ದಲ್ಲಿ ಹೊರಗಿನ ಕೊಳಚೆಯು ಒಳಕ್ಕೆ ಸೇರುತ್ತದೆ. ಮತ್ತೆ ನೀರು ಬಿಟ್ಟಾಗ ಮೊದಲು ಬರುವ ಕದಡಿದ ನೀರು ಅದೇ. ನಲ್ಲಿಗೆ ನೇರವಾಗಿ ಮೋಟಾರು ಜೋಡಿಸಿ ಎಳೆದರೆ ಈ ಹೀರಿಕೆ ಇನ್ನೂ ಹೆಚ್ಚಿ, ಆ ಸಾಲಿನ ಮನೆಗಳಿಗೆಲ್ಲ ಅಪಾಯ ಒದಗುತ್ತದೆ. ಆದುದರಿಂದ ಮೊದಲ ಕೆಲವು ನಿಮಿಷಗಳ ನೀರನ್ನು ಗಿಡಗಳಿಗೆ ಬಿಡಬೇಕು, ಮೋಟಾರನ್ನು ನಲ್ಲಿಗೆ ಜೋಡಿಸಲೇಬಾರದು.

ನೀರಿಗೆ ಕ್ಲೋರಿನ್ ಬೆರೆಸುವುದು ಪುರಸಭೆಯ ಕೆಲಸ. ಭಾರತೀಯ ಮಾನಕ ಸಂಸ್ಥೆಯ ಕುಡಿಯುವ ನೀರಿನ ಮಾನದಂಡದಂತೆ, ಕ್ಲೋರಿನ್ ಬೆರೆಸಿದ ನೀರು ಮನೆಯ ನಲ್ಲಿಯನ್ನು ತಲುಪಿದಾಗಲೂ ಲೀಟರಿಗೆ ಕನಿಷ್ಠ ೦.೨ ಮಿಲಿಗ್ರಾಂ ಮುಕ್ತ ಕ್ಲೋರಿನ್ ಉಳಿದಿರಬೇಕು. ಇದನ್ನು ಪರೀಕ್ಷಿಸುವ ಕ್ಲೋರೋಸ್ಕೋಪ್ ಎಂಬ ಸರಳ ಸಾಧನವಿದೆ. ಕೆಲವು ಹನಿ ದ್ರಾವಣ ಹಾಕಿದರೆ ನೀರು ಹಳದಿಯಾಗುವ ಪ್ರಮಾಣದಿಂದ ಕ್ಲೋರಿನ್ ಎಷ್ಟಿದೆ ಎಂದು ತಿಳಿಯುತ್ತದೆ. ಓಣಿಯಲ್ಲಿ ಇಬ್ಬರು ಮೂವರಿಗೆ ವಾಂತಿಭೇದಿಯೋ ಕಾಮಾಲೆಯೋ ಕಾಣಿಸಿದೊಡನೆ ಆರೋಗ್ಯ ನಿರೀಕ್ಷಕರಿಗೆ ತಿಳಿಸಿ, ಸಾಲಿನ ಕೊನೆಯ ಮನೆಯ ನಲ್ಲಿಯಲ್ಲಿ ಈ ಪರೀಕ್ಷೆ ಮಾಡಿಸಲು ಕೇಳಬೇಕು. ಟ್ಯಾಂಕಿನ ಬಳಿ ಸರಿಯಿದ್ದು ಕೊನೆಯ ನಲ್ಲಿಯಲ್ಲಿ ಕ್ಲೋರಿನ್ ಇಲ್ಲವಾದರೆ ನಡುವೆ ಎಲ್ಲೋ ಕೊಳಚೆ ಸೇರುತ್ತಿದೆ ಎಂಬ ಅನುಮಾನಕ್ಕೆ ಆಧಾರ ದೊರೆಯುತ್ತದೆ. ಅಲ್ಲಿಯವರೆಗೆ ಮನೆಯಲ್ಲಿ ನೀರನ್ನು ಉಕ್ಕುವಂತೆ ಕನಿಷ್ಠ ಒಂದು ನಿಮಿಷ ಕುದಿಸಿ, ಅದೇ ಪಾತ್ರೆಯಲ್ಲಿ ಮುಚ್ಚಿಟ್ಟು ಆರಿಸಿ ಕುಡಿಯುವುದು ಕ್ಷೇಮ.

ಸೊಳ್ಳೆ ಮತ್ತು ಡೆಂಗ್ಯೂ

ಹಸ್ತ, ಚಿತ್ತೆ, ಸ್ವಾತಿ ಮಳೆಗಳು ಬಿಟ್ಟು ಬಿಟ್ಟು ಸುರಿಯುವುದರಿಂದ ಅಲ್ಲಲ್ಲಿ ತಿಳಿನೀರು ನಿಲ್ಲುತ್ತದೆ. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆಗೆ ಇಂಥ ನೀರೇ ಬೇಕು. ಸಂಪು, ಮೇಲ್ತೊಟ್ಟಿ, ಹಳೆಯ ಟೈರು, ಎಳನೀರಿನ ಬುರುಡೆ, ಹೂಕುಂಡದ ತಟ್ಟೆ ಇವೆಲ್ಲ ಅದರ ತೊಟ್ಟಿಲುಗಳು. ಮೊಟ್ಟೆಯಿಂದ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ಆದ್ದರಿಂದ ವಾರಕ್ಕೊಂದು ದಿನ ನೀರಿನ ಪಾತ್ರೆಗಳನ್ನೆಲ್ಲ ಬರಿದು ಮಾಡಿ, ಒಳಗೋಡೆಯನ್ನು ಉಜ್ಜಿ ತೊಳೆದು ಒಣಗಿಸಬೇಕು. ಗೋಡೆಗೆ ಅಂಟಿದ ಮೊಟ್ಟೆಗಳು ನೀರಿಲ್ಲದೆಯೂ ತಿಂಗಳುಗಟ್ಟಲೆ ಬದುಕಿರುವುದರಿಂದ ಬರಿದು ಮಾಡಿದರಷ್ಟೇ ಸಾಲದು.

ಜನರು ಪುರಸಭೆಯನ್ನು ಸಾಮಾನ್ಯವಾಗಿ ಕೇಳುವುದು ಹೊಗೆ ಹಾಕಿಸಿರೆಂದು. ಆ ಹೊಗೆಯು ಹಾರಾಡುವ ಸೊಳ್ಳೆಗಳನ್ನಷ್ಟೇ ಕೊಲ್ಲುತ್ತದೆ. ನೀರಿನಲ್ಲಿರುವ ಮರಿಹುಳುಗಳು ಉಳಿದು ಕೆಲವೇ ದಿನಗಳಲ್ಲಿ ಹೊಸ ಸೊಳ್ಳೆಗಳಾಗುತ್ತವೆ. ಆದ್ದರಿಂದ ನಾವು ಕೇಳಬೇಕಾದ ಮುಖ್ಯ ಸೇವೆಯೆಂದರೆ ಲಾರ್ವಾ ಸಮೀಕ್ಷೆ, ನೀರು ನಿಂತ ತಾಣಗಳ ನಿರ್ಮೂಲನ, ಬರಿದು ಮಾಡಲಾಗದ ಬಾವಿ ಹೊಂಡಗಳಿಗೆ ಗಪ್ಪಿ ಅಥವಾ ಗಂಬೂಸಿಯಾ ಮೀನು ಬಿಡುವುದು. ಸಮೀಕ್ಷೆಗೆಂದು ಆಶಾ ಕಾರ್ಯಕರ್ತೆಯರು ಬಾಗಿಲಿಗೆ ಬಂದಾಗ ಹೊರಗಿನಿಂದಲೇ ಕಳುಹಿಸುವ ಮನೆಗಳಿವೆ. ಈ ಸೊಳ್ಳೆಯು ಬಹುದೂರ ಹಾರದೆ ಹತ್ತಿರದ ಮನೆಗಳಲ್ಲೇ ಸುತ್ತಾಡುತ್ತದೆ. ಆದುದರಿಂದ ಒಂದು ಮನೆಯ ಮುಚ್ಚಿದ ಬಾಗಿಲಿನ ಫಲವನ್ನು ನೆರೆಯ ಮಕ್ಕಳು ಉಣ್ಣಬೇಕಾಗುತ್ತದೆ.

೨೦೨೪ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರವು ಡೆಂಗ್ಯೂವನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಉತ್ಪತ್ತಿಗೆ ಆಸ್ಪದ ಕೊಡುವವರಿಗೆ ದಂಡವನ್ನು ನಿಗದಿಪಡಿಸಿತು. ನಗರ ಪ್ರದೇಶದಲ್ಲಿ ಮನೆಗಳಿಗೆ ₹೪೦೦, ವಾಣಿಜ್ಯ ಸ್ಥಳಗಳಿಗೆ ₹೧,೦೦೦, ಖಾಲಿ ನಿವೇಶನ ಹಾಗೂ ನಿರ್ಮಾಣದ ಸ್ಥಳಗಳಿಗೆ ₹೨,೦೦೦ ಎಂದೂ, ಗ್ರಾಮೀಣ ಪ್ರದೇಶದಲ್ಲಿ ಇದರ ಅರ್ಧವೆಂದೂ ಗೊತ್ತುಮಾಡಿತು. ಬಡಾವಣೆಯಲ್ಲಿ ಪಾಳುಬಿದ್ದ ನಿವೇಶನವಿದ್ದರೆ ಮಾಲೀಕರನ್ನು ಶಪಿಸುತ್ತ ಕೂರುವ ಬದಲು ಈ ನಿಯಮವನ್ನು ಉಲ್ಲೇಖಿಸಿ ದೂರು ಕೊಡಬಹುದು.

ಇಲ್ಲಿ ವೈದ್ಯರಾಗಿ ಒಂದು ಮಾತನ್ನು ಒತ್ತಿ ಹೇಳುತ್ತೇವೆ. ಜ್ವರ ಬಂದ ಮೊದಲ ಐದು ದಿನಗಳಲ್ಲಿ ಎನ್‌ಎಸ್‌೧ ರಕ್ತಪರೀಕ್ಷೆಯಿಂದಲೂ, ಅನಂತರ ಐಜಿಎಂ ಪರೀಕ್ಷೆಯಿಂದಲೂ ಡೆಂಗ್ಯೂವನ್ನು ಗುರುತಿಸಬಹುದು. ಖಾಸಗಿ ಪ್ರಯೋಗಾಲಯಗಳು ಇವುಗಳಿಗೆ ಪಡೆಯಬಹುದಾದ ಶುಲ್ಕವನ್ನು ೨೦೨೪ರ ಜುಲೈನಲ್ಲಿ ಸರ್ಕಾರವು ತಲಾ ₹೩೦೦ಕ್ಕೆ ಮಿತಿಗೊಳಿಸಿತು. ಮೂರರಿಂದ ಏಳನೆಯ ದಿನದೊಳಗೆ ಜ್ವರ ಇಳಿಯುವ ಹೊತ್ತೇ ಅತ್ಯಂತ ಎಚ್ಚರದ ಹೊತ್ತು. ಜ್ವರ ಬಿಟ್ಟಿತೆಂದು ಮನೆಯವರು ನೆಮ್ಮದಿಗೊಂಡಾಗಲೇ ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಿಂದ ರಕ್ತ, ಅತಿಯಾದ ಮಂಕು ಅಥವಾ ಚಡಪಡಿಕೆ ಕಂಡುಬಂದರೆ ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಸೇರಿಸಬೇಕು. ಆಸ್ಪಿರಿನ್, ಐಬುಪ್ರೊಫೆನ್ ಮೊದಲಾದ ನೋವಿನ ಗುಳಿಗೆಗಳನ್ನು ಕೊಡಬಾರದು. ಅಮೃತಬಳ್ಳಿಯ ಕಷಾಯವಾಗಲಿ ಪರಂಗಿ ಎಲೆಯ ರಸವಾಗಲಿ ರಕ್ತಪರೀಕ್ಷೆಗೂ ಆಸ್ಪತ್ರೆಯ ನಿಗಾಕ್ಕೂ ಬದಲಿಯಲ್ಲ. ಆಯುರ್ವೇದವನ್ನೇ ವೃತ್ತಿಯಾಗಿ ಉಳ್ಳ ನಾವು ಇದನ್ನು ಹೇಳುವುದರಿಂದ ಆಯುರ್ವೇದದ ಗೌರವಕ್ಕೇನೂ ಕುಂದಿಲ್ಲ. ಅದನ್ನು ನಂಬಿ ಕಾಲಹರಣ ಮಾಡಿ ಪ್ರಾಣ ಕಳೆದುಕೊಂಡರೆ ಮಾತ್ರ ಕುಂದು.

ಕಸ ಮತ್ತು ಪೌರಕಾರ್ಮಿಕರು

ಹಬ್ಬಗಳ ಈ ಕಾಲದಲ್ಲಿ ಬಾಳೆಕಂದು, ಕುಂಬಳಕಾಯಿ, ಹೂವು, ಪಟಾಕಿಯ ಕಾಗದ ಎಲ್ಲವೂ ಬೀದಿಗೆ ಬಂದು ಬೀಳುತ್ತವೆ. ಇವು ಚರಂಡಿ ಸೇರಿದರೆ ನೀರು ಕಟ್ಟಿಕೊಂಡು ಸೊಳ್ಳೆ, ನೊಣಗಳು ಹೆಚ್ಚುತ್ತವೆ. ಹಸಿ ಕಸ, ಒಣ ಕಸ ಮತ್ತು ಅಪಾಯಕಾರಿ ಕಸವನ್ನು ಮನೆಯಲ್ಲೇ ಬೇರ್ಪಡಿಸಿ ಕಸದ ವಾಹನಕ್ಕೆ ಕೊಡಬೇಕೆಂದು ೨೦೧೬ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ವಿಧಿಸಿದವು. ಒಡೆದ ಗಾಜು, ಚುಚ್ಚುಮದ್ದಿನ ಸೂಜಿ, ಮಕ್ಕಳ ಡೈಪರುಗಳನ್ನು ಕಾಗದದಲ್ಲಿ ಸುತ್ತಿ ಗುರುತು ಮಾಡಿ ಪ್ರತ್ಯೇಕವಾಗಿ ಕೊಡಬೇಕು. ಮಧುಮೇಹಿಗಳು ಮನೆಯಲ್ಲಿ ಇನ್ಸುಲಿನ್ ಚುಚ್ಚಿಕೊಂಡು ಸೂಜಿಯನ್ನು ಹಸಿ ಕಸದೊಳಗೆ ಹಾಕಿದರೆ ಅದು ಪೌರಕಾರ್ಮಿಕರ ಅಂಗೈಗೆ ನಾಟುತ್ತದೆ.

ನಮ್ಮ ರಾಜ್ಯದಲ್ಲಿ ಸೆಪ್ಟೆಂಬರ್ ೨೩ನ್ನು ಪೌರಕಾರ್ಮಿಕರ ದಿನವಾಗಿ ಆಚರಿಸುತ್ತಾರೆ. ಅಂದು ಹಾರ ಹಾಕುವುದು ಒಳ್ಳೆಯದೇ. ವರ್ಷವಿಡೀ ಕಸ ಬೇರ್ಪಡಿಸಿ ಕೊಡುವುದು ಇನ್ನೂ ದೊಡ್ಡ ಗೌರವ. ಮಳೆಗಾಲದ ನಂತರ ಮಲಗುಂಡಿ ತುಂಬಿದರೆ ಪುರಸಭೆಯ ಸಕ್ಕಿಂಗ್ ಯಂತ್ರವನ್ನು ಶುಲ್ಕ ಕಟ್ಟಿ ಕರೆಸಿಕೊಳ್ಳಬೇಕು. ಮನುಷ್ಯರನ್ನು ಗುಂಡಿಗೆ ಇಳಿಸುವುದು ೨೦೧೩ರ ಕಾಯಿದೆಯಂತೆ ಅಪರಾಧ. ಒಳಗಿನ ವಿಷಾನಿಲಕ್ಕೆ ಉಸಿರು ಕಟ್ಟಲು ಕೆಲವೇ ಕ್ಷಣ ಸಾಕೆಂಬುದನ್ನು ಮರೆಯಬಾರದು.

ಬೀದಿನಾಯಿಗಳು

ಕಾರ್ತಿಕದ ಸುಮಾರಿಗೆ ನಾಯಿಗಳು ಬೆದೆಗೆ ಬಂದು ಗುಂಪುಗೂಡುವುದರಿಂದ ಕಚ್ಚುವ ಪ್ರಸಂಗಗಳು ಹೆಚ್ಚುತ್ತವೆ. ಬೀದಿನಾಯಿಗಳಿಗೆ ಸಂತಾನಹರಣ ಚಿಕಿತ್ಸೆ ಹಾಗೂ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸುವುದು ೨೦೨೩ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳಂತೆ ಸ್ಥಳೀಯ ಸಂಸ್ಥೆಯ ಹೊಣೆ. ನಾಯಿ ಕಚ್ಚಿದರೆ ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನಿನಿಂದ ೧೫ ನಿಮಿಷ ತೊಳೆದು, ಅಂದೇ ಸರ್ಕಾರಿ ಆಸ್ಪತ್ರೆಗೆ ಹೋಗಿ ಲಸಿಕೆ ಆರಂಭಿಸಬೇಕು. ಸುಣ್ಣ, ಖಾರದಪುಡಿ, ನಾಟಿ ಸೊಪ್ಪು ಮೆತ್ತಬಾರದು. ಈ ರೋಗದ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಯಾವ ಪದ್ಧತಿಯಲ್ಲಿಯೂ ಬದುಕಿಸುವ ಭರವಸೆಯಿಲ್ಲ. ಸಕಾಲದ ಲಸಿಕೆಯೊಂದೇ ರಕ್ಷೆ.

ಕೇಳುವ ಕ್ರಮ

ಸೇವೆಯಿದೆಯೆಂದು ತಿಳಿದರೆ ಸಾಲದು, ಕೇಳುವ ಕ್ರಮವೂ ತಿಳಿದಿರಬೇಕು. ಪುರಸಭೆಯಲ್ಲಿ ಮುಖ್ಯಾಧಿಕಾರಿಗಳು, ನಗರಸಭೆಯಲ್ಲಿ ಪೌರಾಯುಕ್ತರು ಆಡಳಿತದ ಮುಖ್ಯಸ್ಥರು. ಕಸ, ಚರಂಡಿ, ಸೊಳ್ಳೆಗಳ ಬಗ್ಗೆ ಆರೋಗ್ಯ ನಿರೀಕ್ಷಕರನ್ನು, ನೀರಿನ ಬಗ್ಗೆ ಮೊದಲು ನೀರುಗಂಟಿಯನ್ನೂ ಬಳಿಕ ಅಭಿಯಂತರರನ್ನೂ ಕಾಣಬೇಕು. ಬಾಯಿಮಾತಿನ ದೂರು ಗಾಳಿಗೆ ಹೋಗುತ್ತದೆ. ವಾರ್ಡಿನ ಸಂಖ್ಯೆ, ಬೀದಿ, ಸಮಸ್ಯೆ ಆರಂಭವಾದ ದಿನ, ಕಾಯಿಲೆ ಬಿದ್ದವರ ಸಂಖ್ಯೆ ಇಷ್ಟನ್ನು ಒಂದು ಪುಟದಲ್ಲಿ ಬರೆದು, ನೆರೆಹೊರೆಯವರ ಸಹಿಯೊಂದಿಗೆ ಸಲ್ಲಿಸಿ ಸ್ವೀಕೃತಿ ಪಡೆಯಬೇಕು. ಪ್ರತಿಯೊಂದನ್ನು ವಾರ್ಡಿನ ಸದಸ್ಯರಿಗೂ ಕೊಡಬೇಕು. ಜ್ವರದ ಚಿಕಿತ್ಸೆಗೆ ೨೦೨೨ರ ಡಿಸೆಂಬರಿನಲ್ಲಿ ಆರಂಭವಾದ ‘ನಮ್ಮ ಕ್ಲಿನಿಕ್’ಗಳು ಹಲವು ಪಟ್ಟಣಗಳಲ್ಲಿವೆ, ಅಲ್ಲಿ ವೈದ್ಯರ ಸಲಹೆ, ಪ್ರಾಥಮಿಕ ಪರೀಕ್ಷೆ, ಔಷಧಿ ಉಚಿತ.

ಮನೆಯ ಪಥ್ಯವನ್ನು ಒಬ್ಬರೇ ಪಾಲಿಸಬಹುದು. ಊರಿನ ಪಥ್ಯವನ್ನು ನೆರೆಯವರೊಡನೆ ಕೂಡಿಯೇ ಪಾಲಿಸಬೇಕು. ಈ ಶುಕ್ರವಾರ ನಮ್ಮ ನಮ್ಮ ಮನೆಯ ನೀರಿನ ಪಾತ್ರೆಗಳನ್ನು ಉಜ್ಜಿ ಒಣಗಿಸೋಣ. ಓಣಿಯ ಚರಂಡಿಯನ್ನೂ ಖಾಲಿ ನಿವೇಶನವನ್ನೂ ಒಮ್ಮೆ ನೋಡಿ ಬರೋಣ. ಕಂಡ ಕೊರತೆಯನ್ನು ಬರೆದು ಸೋಮವಾರ ಪುರಸಭೆಗೆ ತಲುಪಿಸೋಣ. ಸರ್ವರಿಗೂ ಶರದೃತುವು ಆರೋಗ್ಯವನ್ನು ತರಲಿ.