ಒಂದೂವರೆ ಚೋಟಿನ ಕಡ್ಡಿ

ಒಬಾಮಾ ರೈಲು ನಿಲ್ದಾಣದಿಂದ ಬಂದರಿನ ಕಡೆಗೆ ನಡೆಯುತ್ತಿದ್ದರೆ ಸುಟ್ಟ ಮೀನಿನ ಘಮ ಎದುರುಗೊಳ್ಳುತ್ತದೆ. ನಮ್ಮ ಬಂಗುಡೆಯ ನೆಂಟ 'ಸಾಬಾ', ಬಿದಿರಿನ ಕಡ್ಡಿಗೆ ಚುಚ್ಚಿ ಇಡಿಯಾಗಿ ಸುಟ್ಟದ್ದು. ಜಪಾನಿನ ಫುಕುಯಿ ಪ್ರಾಂತ್ಯದ ಈ ಕಡಲೂರಿನಿಂದ ಉಪ್ಪು ಸವರಿದ ಮೀನು ಹೊತ್ತವರು ಬೆಟ್ಟ ದಾಟಿ ಕ್ಯೋಟೊಗೆ ನಡೆಯುತ್ತಿದ್ದ ಹಾದಿಗೇ 'ಸಾಬಾ ಕೈದೊ' ಎಂಬ ಹೆಸರು ನಿಂತಿದೆ.

ನಾನು ಬಂದದ್ದು ಚಾಪ್‌ಸ್ಟಿಕ್ ಹುಡುಕಿಕೊಂಡು. ಜಪಾನಿನಲ್ಲಿ ತಯಾರಾಗುವ ಮೆರುಗಿನ ಚಾಪ್‌ಸ್ಟಿಕ್‌ಗಳಲ್ಲಿ ಶೇ 80ಕ್ಕೂ ಹೆಚ್ಚು ಈ ಊರಿನವು. ಬಂದರಿನ ಪಕ್ಕದ ಆಹಾರ ಸಂಸ್ಕೃತಿ ಸಂಗ್ರಹಾಲಯದ ಮಹಡಿಯಲ್ಲಿ ಬಂದವರೂ ತಮ್ಮ ಜೋಡಿಯನ್ನು ಸಾಣೆ ಹಿಡಿಯಬಹುದು.

ಮೊದಲು ಅಳತೆ. ಹೆಬ್ಬೆರಳು, ತೋರುಬೆರಳು ಅಗಲಿಸಿ ಹಿಡಿದ ಅಂತರದ ಒಂದೂವರೆ ಪಟ್ಟು ಉದ್ದ ಕೈಗೆ ಸರಿ ಎಂಬುದು ಇಲ್ಲಿನ ಲೆಕ್ಕ. ಅಂದರೆ ಒಂದೂವರೆ ಚೋಟು! ಅಜ್ಜಿ ಹೂವಿನ ದಂಡೆ ಅಳೆಯುತ್ತಿದ್ದ ಅದೇ ಬೆರಳುಗಳು.

ಕೈಗೆ ಕೊಟ್ಟ ಕಡ್ಡಿಗಳು ಮಂಕಾಗಿದ್ದವು, ಅಲ್ಲಲ್ಲಿ ಉಬ್ಬಿದ್ದವು. ಚಿಪ್ಪಿನ ಚೂರು, ಮೊಟ್ಟೆಯ ಓಡು ಅಂಟಿಸಿ, ಮೇಲೆ ಬಣ್ಣಬಣ್ಣದ ಮೆರುಗನ್ನು ಪದರ ಪದರವಾಗಿ ಬಳಿದು ಎಲ್ಲವನ್ನೂ ಮುಚ್ಚಿಬಿಟ್ಟಿರುತ್ತಾರೆ. ತಿರುಗುವ ಸಾಣೆಗೆ ಮೆಲ್ಲಗೆ ಒತ್ತಿದೆ. ಕಪ್ಪು ಸವೆದು ಕೆಂಪು ಬಂತು, ಕೆಂಪಿನ ನಡುವೆ ಹಸಿರು, ಆಮೇಲೆ ಥಟ್ಟನೆ ಚಿಪ್ಪಿನ ಹೊಳಪು, ನೀರಡಿಯ ಮಿಂಚಿನ ಹಾಗೆ. ಅಲ್ಲೇ ಕೈ ತಡೆಯಬೇಕು. ಇನ್ನೊಂದು ಕಡ್ಡಿಯಲ್ಲಿ ಆಸೆಗೆ ಬಿದ್ದು ಹೆಚ್ಚು ಒತ್ತಿದೆ, ಒಳಗಿನ ಮರ ಇಣುಕಿತು.

ಸಾಂಪ್ರದಾಯಿಕ ಮೆರುಗು 'ಉರುಶಿ'. ಚನ್ನಪಟ್ಟಣದ ಅರಗು ಕೀಟದ್ದು, ಇದು ಮರದ ಸೊನೆ. ಗಟ್ಟಿಯಾಗಲು ಇದಕ್ಕೆ ಬಿಸಿಲಲ್ಲ, ತೇವದ ಗಾಳಿ ಬೇಕು. ಹಸಿ ಸೊನೆ ತಾಗಿದರೆ ಮೈ ತುರಿಸಿ ಬೊಬ್ಬೆ ಏಳುತ್ತದೆ. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉರುಶಿ ಮರವೂ ನಮ್ಮ ಕೇರು, ಮಾವು, ಗೋಡಂಬಿಗಳೂ ಒಂದೇ ಕುಟುಂಬ. ಪೂರ್ತಿ ಗಟ್ಟಿಯಾದ ಮೇಲೆ ಆ ಭಯವಿಲ್ಲ.

ಮನೆಯಲ್ಲೇ ಮಾಡುವ ಆಸೆಯಿದ್ದರೆ ಉರುಶಿಯ ಗೊಡವೆ ಬೇಡ. ಹಾರ್ಡ್‌ವೇರ್ ಅಂಗಡಿಯ 120, 240, 400 ನಂಬರಿನ ಉಪ್ಪುಕಾಗದ, ಚೆನ್ನಾಗಿ ಒಣಗಿದ ಬಿದಿರಿನ ಸೀಳು, ಒಂದು ಚೂರಿ ಸಾಕು. ಹಿಡಿಯುವ ಕಡೆ ಏಳು ಮಿಲಿಮೀಟರ್, ತುದಿಯಲ್ಲಿ ಎರಡು-ಮೂರು. ಕೊನೆಗೆ ಅಕ್ರೋಟ್ ಎಣ್ಣೆ ಸವರಿ ಒಣಗಿಸಿ. ಬಾಗಿಲಿಗೆ ಹೊಡೆಯುವ ವಾರ್ನಿಶ್ ಮಾತ್ರ ಬೇಡವೇ ಬೇಡ, ಬಾಯಿಗೆ ಹೋಗುವ ವಸ್ತು ಇದು.

ಹೊರಗೆ ಬಂದು ಸುಟ್ಟ ಸಾಬಾ ಕೊಂಡೆ. ಬೆನ್ನೆಲುಬಿನ ಪಕ್ಕ ತುದಿಯನ್ನು ಇಳಿಸಿ ಎಳೆದರೆ ತಿರುಳು ಹಾಳೆಯಂತೆ ಬಿಟ್ಟುಕೊಂಡಿತು. ಸಣ್ಣ ಮುಳ್ಳುಗಳನ್ನು ಮರ ಇಣುಕಿದ ಕಡ್ಡಿಯೇ ಹೆಕ್ಕಿತು.