ಯುದ್ಧ ಗೆದ್ದವರು ಯಾರು? ಹೊನ್ನಾವರದ ಕೋಟೆ ಕಲಿಸುವ ಲೆಕ್ಕ

ಹೊನ್ನಾವರ: 1965ರ ಯುದ್ಧ ಗೆದ್ದಿದ್ದು ಭಾರತವೋ ಪಾಕಿಸ್ತಾನವೋ? ಭಟ್ಕಳದಿಂದ ಕುಮಟಾವರೆಗೆ ಚಹಾದಂಗಡಿಗಳಲ್ಲಿ, ವಾಟ್ಸ್‌ಆ್ಯಪ್ ಗ್ರೂಪ್‌ಗಳಲ್ಲಿ ಈ ವಾದ ಆಗಾಗ ಏಳುತ್ತದೆ. ಕೆಲವು ಸಲ ಅದು "ನೀನು ಯಾರ ಕಡೆ?" ಎನ್ನುವ ಜಗಳಕ್ಕೂ ಮುಟ್ಟುತ್ತದೆ. ಇಬ್ಬರೂ ಬೇರೆ ಬೇರೆ ಲೆಕ್ಕ ಹಿಡಿದು ಮಾತಾಡುವುದೇ ಇದಕ್ಕೆ ಮುಖ್ಯ ಕಾರಣ.

ಅಂಗಡಿ ನಡೆಸುವವರಿಗೆ ಇದು ಬೇಗ ಅರ್ಥವಾದೀತು. ದಿನವಿಡೀ ಗಿರಾಕಿ ಬಂದರೂ ವರ್ಷದ ಕೊನೆಗೆ ಲಾಭ ಉಳಿಯದೇ ಇರಬಹುದು. ಯುದ್ಧದಲ್ಲೂ ಹಾಗೇ. ಕಾಳಗದಲ್ಲಿ ಮೇಲುಗೈ ಯಾರದ್ದು, ಹೊರಟ ಉದ್ದೇಶ ಯಾರದ್ದು ಈಡೇರಿತು, ಒಪ್ಪಂದದ ನಂತರ ಜಾಗ ಯಾರ ಕೈಯಲ್ಲಿ ಉಳಿಯಿತು ಎಂಬ ಮೂರನ್ನೂ ಬೇರೆ ಬೇರೆಯಾಗಿ ಕೇಳಬೇಕು.

ನಮ್ಮೂರಿನದ್ದೇ ಉದಾಹರಣೆ

1783ರ ಜನವರಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಜನರಲ್ ಮ್ಯಾಥ್ಯೂಸ್ ಮೈಸೂರಿನವರ ಕೈಲಿದ್ದ ಹೊನ್ನಾವರ ಕೋಟೆ ಹಿಡಿದ. ನಂತರ ಘಟ್ಟ ಹತ್ತಿ ಬಿದನೂರನ್ನೂ, ಅಂದರೆ ಇಂದಿನ ಹೊಸನಗರ ತಾಲೂಕಿನ ನಗರವನ್ನೂ ವಶಪಡಿಸಿಕೊಂಡ. ಕೆಲವೇ ತಿಂಗಳಲ್ಲಿ ಟಿಪ್ಪು ಸುಲ್ತಾನ್ ಬಿದನೂರನ್ನು ವಾಪಸ್ ಪಡೆದ. ಮ್ಯಾಥ್ಯೂಸ್ ಸೆರೆ ಸಿಕ್ಕು, ಸೆರೆಯಲ್ಲೇ ಸತ್ತ.

ಮೈಸೂರು ಪಡೆ ಹೊನ್ನಾವರಕ್ಕೂ ಮುತ್ತಿಗೆ ಹಾಕಿತು. ಆದರೆ ಒಳಗಿದ್ದ ಕ್ಯಾಪ್ಟನ್ ಟೊರಿಯಾನೊ ತಿಂಗಳುಗಟ್ಟಲೆ ಕೋಟೆ ಬಿಟ್ಟುಕೊಡಲಿಲ್ಲ. ಕಾಳಗದ ಲೆಕ್ಕದಲ್ಲಿ ಗೆದ್ದಿದ್ದು ಕಂಪನಿ. 1784ರ ಮಾರ್ಚ್ 11ರಂದು ಮಂಗಳೂರು ಒಪ್ಪಂದ ಆಯಿತು. ಗೆದ್ದ ಜಾಗಗಳನ್ನು ಪರಸ್ಪರ ಹಿಂದಿರುಗಿಸಬೇಕು ಎಂದಾಯಿತು. ಹೊನ್ನಾವರ ಮತ್ತೆ ಮೈಸೂರಿಗೇ ಸೇರಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಡೀ ಕರಾವಳಿ ಕಂಪನಿಯ ಪಾಲಾಯಿತು. ಯಾವ ವರ್ಷಕ್ಕೆ ಪುಸ್ತಕ ಮುಚ್ಚಿ ಲೆಕ್ಕ ಹಾಕುತ್ತೀರಿ ಎನ್ನುವುದರ ಮೇಲೆ ಗೆದ್ದವರ ಹೆಸರು ಬದಲಾಗುತ್ತದೆ.

1965: ಇಬ್ಬರೂ ಗೆದ್ದೆವು ಎನ್ನುವ ಯುದ್ಧ

1965ರ ಆಗಸ್ಟ್‌ನಲ್ಲಿ ಪಾಕಿಸ್ತಾನ ಕಾಶ್ಮೀರಕ್ಕೆ ನುಸುಳುಕೋರರನ್ನು ಕಳಿಸಿತು. ಅಲ್ಲಿನ ಜನ ದಂಗೆ ಏಳುತ್ತಾರೆ ಎಂಬ ಅದರ ಲೆಕ್ಕಾಚಾರ ತಪ್ಪಿತು. ಸೆಪ್ಟೆಂಬರ್ 6ರಂದು ಭಾರತದ ಸೇನೆ ಲಾಹೋರ್ ಕಡೆ ಗಡಿ ದಾಟಿತು. ಲಾಹೋರ್ ಉಳಿಸಿಕೊಂಡೆವು ಎಂದು ಪಾಕಿಸ್ತಾನ ಇವತ್ತಿಗೂ ಅದೇ ದಿನವನ್ನು ರಕ್ಷಣಾ ದಿನವಾಗಿ ಆಚರಿಸುತ್ತದೆ.

ಕದನ ವಿರಾಮದ ಹೊತ್ತಿಗೆ ಎರಡೂ ಕಡೆಯವರ ಕೈಯಲ್ಲಿ ಎದುರಾಳಿಯ ಜಾಗವಿತ್ತು. ಹೆಚ್ಚು ಜಾಗ ಇದ್ದದ್ದು ಭಾರತದ ಬಳಿ. 1966ರ ಜನವರಿ 10ರ ತಾಷ್ಕೆಂಟ್ ಒಪ್ಪಂದದಂತೆ ಎರಡೂ ಸೇನೆಗಳು ಆಗಸ್ಟ್ 5ಕ್ಕಿಂತ ಮೊದಲಿದ್ದ ಜಾಗಕ್ಕೆ ಮರಳಿದವು. ಭಾರತ ಗೆದ್ದಿದ್ದ ಹಾಜಿ ಪೀರ್ ಕಣಿವೆಯನ್ನೂ ಬಿಟ್ಟುಕೊಟ್ಟಿತು. ಪಾಕಿಸ್ತಾನದ ಉದ್ದೇಶ ಈಡೇರಲಿಲ್ಲ, ಆ ಲೆಕ್ಕದಲ್ಲಿ ಭಾರತದ್ದೇ ಮೇಲುಗೈ. ಜಾಗದ ಲೆಕ್ಕದಲ್ಲಿ ಮಾತ್ರ ಸರಿಸಮ.

1971: ವಾದಕ್ಕೆ ಜಾಗ ಕಡಿಮೆ

1971ರ ಡಿಸೆಂಬರ್ 16ರಂದು ಢಾಕಾದಲ್ಲಿ ಪಾಕಿಸ್ತಾನದ ಸೇನೆ ಶರಣಾಯಿತು. ಸುಮಾರು 93 ಸಾವಿರ ಮಂದಿ ಸೆರೆಯಾದರು, ಬಾಂಗ್ಲಾದೇಶ ಹುಟ್ಟಿತು. 1972ರ ಶಿಮ್ಲಾ ಒಪ್ಪಂದದಂತೆ ಪಶ್ಚಿಮ ಗಡಿಯಲ್ಲಿ ಗೆದ್ದ ಬಹುಪಾಲು ಜಾಗವನ್ನು ಭಾರತ ವಾಪಸ್ ಕೊಟ್ಟಿದ್ದು ನಿಜ. ಆದರೂ ಫಲಿತಾಂಶ ಬದಲಾಗಲಿಲ್ಲ. ಬಾಕಿ ಉಳಿದದ್ದು ಕಾಶ್ಮೀರದ ಪ್ರಶ್ನೆ.

ನಮ್ಮ ಜಿಲ್ಲೆಯಲ್ಲಿ ಈ ಯುದ್ಧ ಅಂದಕೂಡಲೇ ಕಾರವಾರ ಕಡಲತೀರದ ಐಎನ್‌ಎಸ್ ಚಪಲ್ ನೆನಪಾಗುತ್ತದೆ. ಕರಾಚಿ ಮೇಲೆ ದಾಳಿ ಮಾಡಿದ ನೌಕೆ ಇದೇ ಎನ್ನುವವರೂ ಇದ್ದಾರೆ. ಆದರೆ ಚಪಲ್ ನೌಕಾಪಡೆಗೆ ಸೇರಿದ್ದು 1976ರಲ್ಲಿ. 1971ರ ಡಿಸೆಂಬರ್ 4ರ ರಾತ್ರಿ ಕರಾಚಿಗೆ ಹೋದ ಕ್ಷಿಪಣಿ ದೋಣಿಗಳು ನಿಪಾತ್, ನಿರ್ಘಾತ್ ಮತ್ತು ವೀರ್. ಚಪಲ್ ಅದೇ ಜಾತಿಯ ಸೋವಿಯತ್ ದೋಣಿ, ಅಷ್ಟೇ.

ಗೆಲ್ಲದವರ ಖಾತೆ

ಎರಡೂ ಕಡೆಯ ಇತಿಹಾಸ ಮರೆಯುವ ಇನ್ನೊಂದು ಖಾತೆ ಊರಿನವರದ್ದು. 1542ರಲ್ಲಿ ಪೋರ್ಚುಗೀಸ್ ಗವರ್ನರ್ ಮಾರ್ಟಿಂ ಅಫೊನ್ಸೊ ಡಿ ಸೋಜಾನ ಪಡೆ ಭಟ್ಕಳವನ್ನು ಲೂಟಿ ಮಾಡಿ ಸುಟ್ಟಿತು. ಬಂದರಿನ ವರ್ತಕರು, ಹಮಾಲರು, ದೋಣಿಯವರು ಯಾವ ರಾಜನ ಪರವಾಗಿಯೂ ಯುದ್ಧ ಸಾರಿರಲಿಲ್ಲ. ಸುಟ್ಟುಹೋದದ್ದು ಮಾತ್ರ ಅವರ ಅಂಗಡಿ, ಅವರ ಮನೆ. ಮುಂದಿನ ಸಲ ಗೆದ್ದವರು ಯಾರು ಎಂಬ ವಾದ ಎದ್ದರೆ, ಆ ಯುದ್ಧದ ಖರ್ಚು ಯಾರ ಮೇಲೆ ಬಿತ್ತು ಅಂತಲೂ ಕೇಳಿ ನೋಡಬಹುದು.