ಕ್ಷಯದ ವೇಷದಲ್ಲಿ ಬರುವ ಮಣ್ಣಿನ ರೋಗ

ಮಳೆಗಾಲದಲ್ಲಿ ಕೆಸರುಗದ್ದೆಗೆ ಇಳಿದವರಿಗೆ ಶೀತಜ್ವರಗಳು ಬರುವುದು ಹೊಸತೇನಲ್ಲ. ಆದರೆ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಕಡೆ ಒಮ್ಮೊಮ್ಮೆ ಇಂತಹ ಜ್ವರವೇ ಕೆಲವು ದಿನಗಳೊಳಗೆ ಭೀಕರ ನ್ಯುಮೋನಿಯವಾಗಿ ಪರಿಣಮಿಸಿ, ರಕ್ತಕ್ಕೂ ನಂಜೇರಿ, ರೋಗಿಯ ಪ್ರಾಣಕ್ಕೇ ಸಂಚಕಾರ ತರುವುದುಂಟು. ವಿಚಾರಿಸಿದರೆ ಬಹುಮಟ್ಟಿಗೆ ಆತನು ಮಧುಮೇಹಿಯೆಂದು ತಿಳಿದುಬರುತ್ತದೆ. ಮಣಿಪಾಲದ ವೈದ್ಯರು ಇಂತಹ ಅನೇಕರಲ್ಲಿ ಗುರುತಿಸಿರುವ ಈ ರೋಗದ ಹೆಸರು ಮೆಲಿಯಾಯ್ಡೋಸಿಸ್.

ಹೆಸರು ಅಪರಿಚಿತವಾದರೂ ರೋಗವು ಹೊಸದಲ್ಲ. ರಂಗೂನಿನ ಆಸ್ಪತ್ರೆಯಲ್ಲಿ ಶವಪರೀಕ್ಷೆಗಳ ಮೂಲಕ ಇದನ್ನು ಕಂಡುಕೊಂಡ ಆಲ್ಫ್ರೆಡ್ ವಿಟ್ಮೋರ್ ಮತ್ತು ಸಿ. ಎಸ್. ಕೃಷ್ಣಸ್ವಾಮಿ ಇವರು ೧೯೧೨ರಲ್ಲಿ ಲೋಕಕ್ಕೆ ತಿಳಿಸಿದರು. ಅವರು ಕಂಡ ರೋಗಾಣುವು ಕುದುರೆಗಳಿಗೆ ಬರುವ ಗ್ಲ್ಯಾಂಡರ್ಸ್ ರೋಗದ ರೋಗಾಣುವನ್ನೇ ಹೋಲುತ್ತಿತ್ತು. ಆದರೆ ಅದು ಚಲಿಸದು, ಇದು ಚಲಿಸಬಲ್ಲುದು. ಇಂತಹ ಸೂಕ್ಷ್ಮಭೇದಗಳನ್ನು ಗಮನಿಸಿ ಹೊಸ ರೋಗವೊಂದನ್ನು ಬೇರ್ಪಡಿಸಿದುದು ಮೆಚ್ಚತಕ್ಕ ಕೆಲಸ. ಗ್ರಂಥಗಳು ಇದನ್ನು ವಿಟ್ಮೋರನ ರೋಗವೆಂದೂ ಕರೆಯುತ್ತವೆ. ಕೃಷ್ಣಸ್ವಾಮಿಯವರ ಹೆಸರು ಅದರಲ್ಲಿ ಸೇರದೆ ಹೋದುದು ನ್ಯಾಯವೆಂದು ನಮಗೆ ತೋರುವುದಿಲ್ಲ.

ಈ ರೋಗಾಣುವಿನ ನೆಲೆ ಮಣ್ಣು ಮತ್ತು ನೀರು. ಕಾಲಿನ ಗಾಯದ ಮೂಲಕವೋ, ಗಾಳಿಮಳೆಯಲ್ಲಿ ಉಸಿರಿನೊಡನೆಯೋ, ಕುಡಿಯುವ ನೀರಿನೊಡನೆಯೋ ಅದು ದೇಹವನ್ನು ಹೊಗುತ್ತದೆ. ಆರೋಗ್ಯವಂತರಲ್ಲಿ ರಕ್ತದ ಬಿಳಿಕಣಗಳು ಅದನ್ನು ಸಾಮಾನ್ಯವಾಗಿ ಹತ್ತಿಕ್ಕುತ್ತವೆ. ಸಕ್ಕರೆಯು ಹತೋಟಿ ಮೀರಿದ ದೇಹದಲ್ಲಾದರೋ ಈ ಕಾವಲುಗಾರರ ಚುರುಕು ಕುಗ್ಗಿರುತ್ತದೆ. ನುಂಗಿದ ಕಣದೊಳಗೇ ರೋಗಾಣುವು ಬದುಕಿ ಬೆಳೆಯುತ್ತದೆ.

ರೋಗವು ಯಾವಾಗಲೂ ಬಿರುಸಾಗಿಯೇ ಬರುವುದಿಲ್ಲ. ತಿಂಗಳುಗಟ್ಟಲೆ ಕೆಮ್ಮು, ಜ್ವರ, ದಿನದಿನಕ್ಕೆ ಸೊರಗುವ ಮೈ, ಎಕ್ಸ್-ರೇ ಚಿತ್ರದಲ್ಲಿ ಶ್ವಾಸಕೋಶದ ಮೇಲ್ಭಾಗದಲ್ಲಿ ಕಲೆ, ಇವನ್ನು ಕಂಡವರು ಕ್ಷಯವೆಂದೇ ಭಾವಿಸುವುದು ಸಹಜ. ಕಫದಲ್ಲಿ ಕ್ಷಯದ ರೋಗಾಣುಗಳು ಕಾಣದಿದ್ದರೂ ಕ್ಷಯದ ಔಷಧಗಳನ್ನೇ ಕೊಡುತ್ತ ಹೋದರೆ ರೋಗಿಗೆ ಉಳಿದಿರುವ ಕಾಲವೆಲ್ಲ ವ್ಯರ್ಥವಾಗುತ್ತದೆ. ಪೆನಿಸಿಲಿನ್ನೂ ಇದರ ಮುಂದೆ ನಿಷ್ಫಲ. ಸೆಫ್ಟಾಜಿಡೈಮ್ ಅಥವಾ ಮೆರೊಪೆನೆಮ್ ಔಷಧವನ್ನು ಕನಿಷ್ಠ ೧೦ರಿಂದ ೧೪ ದಿನ ರಕ್ತನಾಳಕ್ಕೆ ಕೊಟ್ಟು, ಬಳಿಕ ಕೋಟ್ರೈಮಾಕ್ಸಜೋಲ್ ಮಾತ್ರೆಗಳನ್ನು ೩ ತಿಂಗಳಾದರೂ ನುಂಗಿಸಬೇಕು. ಜ್ವರ ಬಿಟ್ಟಿತೆಂದು ನಡುವೆ ನಿಲ್ಲಿಸಿದರೆ ರೋಗವು ಮರುಕಳಿಸಬಹುದು.

ಇಷ್ಟು ದೀರ್ಘ ಚಿಕಿತ್ಸೆಗೆ ತೊಡಗಬೇಕಾದರೆ ರೋಗದ ನಿಶ್ಚಯವಾಗಬೇಕಷ್ಟೆ. ಅದಕ್ಕೆ ರಕ್ತ, ಕಫ, ಕೀವುಗಳಿಂದ ರೋಗಾಣುವನ್ನು ಬೆಳೆಸಿ ನೋಡುವುದೇ ಮುಖ್ಯ ಸಾಧನ. ಇಲ್ಲಿಯೂ ತೊಡಕುಂಟು. ಬೆಳೆದ ರೋಗಾಣುವು ತನ್ನ ಸಾಧುಸ್ವಭಾವದ ಬಂಧುಗಳಂತೆಯೇ ತೋರುವುದರಿಂದ, ಹೊರಗಿನಿಂದ ಸೇರಿದ ಕಲ್ಮಶವೆಂದು ಅದನ್ನು ತಳ್ಳಿಹಾಕುವುದುಂಟು. ಆದುದರಿಂದ ಕಫದ ಸೀಸೆಯೊಡನೆ ಕಳುಹಿಸುವ ಚೀಟಿಯಲ್ಲಿ, ರೋಗಿಯು ಮಧುಮೇಹಿಯೆಂದೂ ಗದ್ದೆಯಲ್ಲಿ ದುಡಿಯುವವನೆಂದೂ ಮೆಲಿಯಾಯ್ಡೋಸಿಸಿನ ಸಂಶಯವಿದೆಯೆಂದೂ ವೈದ್ಯರು ಬರೆದಿದ್ದರೆ, ಪ್ರಯೋಗಾಲಯದವರು ಆ ರೋಗಾಣುವನ್ನೇ ಅರಸಿ ನೋಡಬಲ್ಲರು.